ವಿಜಯಭಟ್ಟಾರಿಕೆ: ತಾಮ್ರಪಟದ ರಾಣಿ, ಸುಭಾಷಿತಗಳ ವಿಜ್ಜಿಕೆ

ಬಾದಾಮಿಯ ಬಂಡೆಯೊಂದರ ಮೇಲೆ ಅಲ್ಲಲ್ಲಿ ಸವೆದುಹೋದ ಸಂಸ್ಕೃತ ಶಾಸನವೊಂದಿದೆ. ಅದು ಚಾಲುಕ್ಯರದಲ್ಲ, ಅವರ ರಾಜಧಾನಿಯನ್ನು ಗೆದ್ದ ಕಂಚಿಯ ಪಲ್ಲವ ದೊರೆ ಮಹಾಮಲ್ಲ ನರಸಿಂಹವರ್ಮನದು. ಅವನ ಆಳ್ವಿಕೆಯ 13ನೆಯ ವರ್ಷಕ್ಕೆ ಸೇರಿದ ಈ ಶಾಸನದ ಆಧಾರದಿಂದ ವಾತಾಪಿಯ ಪತನವನ್ನು ಸುಮಾರು ಕ್ರಿ.ಶ. 642ಕ್ಕೆ ನಿಗದಿಪಡಿಸಲಾಗಿದೆ. ಇದಕ್ಕೆ ಸುಮಾರು ಎಂಟು ವರ್ಷ ಹಿಂದೆ, ಶಕ 556ರಲ್ಲಿ, ಇಂದಿನ ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ಜೈನಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಕಲ್ಲಿನಲ್ಲಿ ಹಾಡಿದ್ದನು. ಒಂದು ಶಾಸನ ವೈಭವದ ಶಿಖರವನ್ನು ತೋರಿದರೆ ಇನ್ನೊಂದು ಅದರ ಕುಸಿತವನ್ನು ದಾಖಲಿಸುತ್ತದೆ. ಎರಡೂ ಮಲಪ್ರಭೆಯ ಒಂದೇ ಕಣಿವೆಯಲ್ಲಿವೆ. ಈ ಎರಡು ಶಾಸನಗಳ ನಡುವಿನ ಅವಧಿಯಲ್ಲಿ ಪುಲಕೇಶಿಯ ಮಕ್ಕಳು ಬೆಳೆದರು, ಅವರಲ್ಲಿ ಒಬ್ಬನ ಕೈಹಿಡಿದವಳು ವಿಜಯಭಟ್ಟಾರಿಕೆ.

ಕನ್ನಡ ಓದುಗರಿಗೆ ಈಕೆ ಪರಿಚಿತಳಾಗಿರುವುದು ರಾಣಿಯಾಗಿ ಅಲ್ಲ, ಕವಯಿತ್ರಿಯಾಗಿ. ವಿಜ್ಜಿಕೆ, ವಿಜ್ಜಕಾ, ವಿಜಯಾಂಕಾ ಎಂಬ ಹೆಸರುಗಳಲ್ಲಿ ಸಂಸ್ಕೃತ ಸಾಹಿತ್ಯಚರಿತ್ರೆಗಳು ಅವಳನ್ನು ಸ್ಮರಿಸುತ್ತವೆ. ಯುದ್ಧದಿಂದ ಅಗಲಿದ ಎಳೆಯ ಪ್ರೇಮಿಗಳ ಕಥೆಯುಳ್ಳ 'ಕೌಮುದೀಮಹೋತ್ಸವ' ಎಂಬ ನಾಟಕವನ್ನೂ ಅವಳ ಹೆಸರಿಗೆ ಸೇರಿಸುವುದುಂಟು. ಹೀಗೆ ರಾಣಿ, ಮುಕ್ತಕಗಳ ಕವಯಿತ್ರಿ, ನಾಟಕಕಾರ್ತಿ ಎಂಬ ಮೂರು ವ್ಯಕ್ತಿತ್ವಗಳು ಒಂದೇ ಜೀವನಚರಿತ್ರೆಯೊಳಗೆ ಬೆರೆತುಹೋಗಿವೆ. ಇವುಗಳನ್ನು ಬಿಡಿಸಿ ನೋಡದೆ ಅವಳ ಬದುಕನ್ನು ಬರೆಯುವುದೆಂದರೆ ಇತಿಹಾಸವನ್ನು ಕಾದಂಬರಿಯಾಗಿಸಿದಂತೆ.

ಮೊದಲಿಗೆ ರಾಣಿಯ ವಿಚಾರ. ಇಮ್ಮಡಿ ಪುಲಕೇಶಿಗೆ ಆದಿತ್ಯವರ್ಮ, ಚಂದ್ರಾದಿತ್ಯ, ವಿಕ್ರಮಾದಿತ್ಯ, ಜಯಸಿಂಹವರ್ಮ ಮೊದಲಾದ ಮಕ್ಕಳಿದ್ದರೆಂಬುದು ತಾಮ್ರಶಾಸನಗಳಿಂದ ತಿಳಿದುಬರುತ್ತದೆ. ಪಲ್ಲವರೊಡನೆ ನಡೆದ ಕದನಗಳು ಒಂದೆರಡಲ್ಲ. ಪರಿಯಳ, ಮಣಿಮಂಗಲ, ಶೂರಮಾರ ಮುಂತಾದ ರಣಭೂಮಿಗಳಲ್ಲಿ ನರಸಿಂಹವರ್ಮ ಪುಲಕೇಶಿಯನ್ನು ಸೋಲಿಸಿದನೆಂದು ಪಲ್ಲವರ ಕೂರಂ ತಾಮ್ರಪಟ ಹೇಳುತ್ತದೆ. ಕಂಚಿಯ ಬಾಗಿಲಲ್ಲಿ ಆರಂಭವಾದ ಸೋಲು ವಾತಾಪಿಯ ಬಾಗಿಲಿನವರೆಗೆ ಬಂದಿತು. ನರಸಿಂಹವರ್ಮನು ವಾತಾಪಿಕೊಂಡ ಎಂಬ ಬಿರುದನ್ನು ಧರಿಸಿದನು. ಪುಲಕೇಶಿ ಈ ಯುದ್ಧದಲ್ಲಿಯೇ ಮಡಿದನೆಂಬುದು ವಿದ್ವಾಂಸರ ಸಾಮಾನ್ಯ ಊಹೆ. ಅಲ್ಲಿಂದ ಕ್ರಿ.ಶ. 654-55ರಲ್ಲಿ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಕಟ್ಟುವವರೆಗೆ ಹನ್ನೆರಡು ಹದಿಮೂರು ವರ್ಷಗಳ ಕಾಲ ಚಾಲುಕ್ಯ ಮನೆತನಕ್ಕೆ ಸ್ಥಿರವಾದ ರಾಜಧಾನಿ ಇರಲಿಲ್ಲ.

ಈ ನಡುಗಾಲವನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಆದರೆ ಮನೆತನದ ಹೆಣ್ಣುಮಕ್ಕಳ ದೃಷ್ಟಿಯಿಂದ ಇದೇ ಮುಖ್ಯವಾದ ಕಾಲ. ರಾಜಕುಮಾರರು ದಿಕ್ಕಿಗೊಬ್ಬರಾಗಿ ಚದುರಿದಂತೆ ಕಾಣುತ್ತದೆ. ಆದಿತ್ಯವರ್ಮನ ತಾಮ್ರಪಟ ಕರ್ನೂಲು ಪ್ರದೇಶದಲ್ಲಿ ದೊರೆತಿದೆ, ಅವನ ಮಗ ಅಭಿನವಾದಿತ್ಯನೂ ದಾನಶಾಸನವೊಂದನ್ನು ಹೊರಡಿಸಿದ್ದಾನೆ. ಜಯಸಿಂಹವರ್ಮನ ಸಂತತಿ ಮುಂದೆ ಲಾಟದೇಶದಲ್ಲಿ, ಅಂದರೆ ದಕ್ಷಿಣ ಗುಜರಾತಿನಲ್ಲಿ, ನೆಲೆನಿಂತಿತು. ಚಂದ್ರಾದಿತ್ಯನ ಹೆಸರು ಮಾತ್ರ ಅವನ ಮಡದಿಯ ದಾನಶಾಸನಗಳ ಮೂಲಕ ಉಳಿದುಬಂದಿದೆ. ಒಬ್ಬ ರಾಜಕುಮಾರನ ನೆನಪು ಅವನ ಹೆಂಡತಿಯ ದಾನದಿಂದಾಗಿ ಉಳಿಯುವುದು ಆ ಕಾಲದ ಶಾಸನಪರಂಪರೆಯಲ್ಲಿ ಅಪರೂಪದ ಸಂಗತಿ.

ಆ ಶಾಸನಗಳು ಎರಡು. ಒಂದು ನೇರೂರಿನದು, ಇನ್ನೊಂದು ಕೊಚರೆಯದು. ಎರಡೂ ಊರುಗಳು ಬಾದಾಮಿಯಿಂದ ಪಶ್ಚಿಮಕ್ಕೆ, ಸಹ್ಯಾದ್ರಿಯನ್ನು ಇಳಿದ ಮೇಲೆ ಸಿಗುವ ಕೊಂಕಣದಲ್ಲಿವೆ. ಹಿಂದಿನ ಸಾವಂತವಾಡಿ ಸೀಮೆಗೆ ಹೊಂದಿಕೊಂಡ ಆ ಭಾಗ ಇಂದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿದೆ. ಈ ಕರಾವಳಿ ಚಾಲುಕ್ಯರಿಗೆ ಹೊಸದಲ್ಲ. ಪುಲಕೇಶಿಯ ಚಿಕ್ಕಪ್ಪ ಮಂಗಳೇಶನು ಗೆದ್ದ ರೇವತೀದ್ವೀಪ, ಅಂದರೆ ಇಂದಿನ ರೇಡಿ, ಇದೇ ತೀರದಲ್ಲಿದೆ. ಪಲ್ಲವರ ದಾಳಿ ಪೂರ್ವ ಮತ್ತು ದಕ್ಷಿಣದಿಂದ ಬಂದಾಗ ಪಶ್ಚಿಮದ ಘಟ್ಟಗಳಾಚೆಯ ಈ ಭೂಮಿ ಮನೆತನದ ಒಂದು ಶಾಖೆಗೆ ಆಸರೆಯಾಗಿದ್ದರೆ ಆಶ್ಚರ್ಯವಿಲ್ಲ.

ನೇರೂರಿನ ತಾಮ್ರಪಟ ವಂಶಾವಳಿಯನ್ನು ಹೇಳುವ ರೀತಿಯೇ ಗಮನಾರ್ಹವಾಗಿದೆ. ಉತ್ತರಾಪಥದ ಒಡೆಯ ಹರ್ಷವರ್ಧನನನ್ನು ಸೋಲಿಸಿದ ಸತ್ಯಾಶ್ರಯನ ಬಳಿಕ ಅದು ವಿಕ್ರಮಾದಿತ್ಯನನ್ನು ಹೆಸರಿಸುತ್ತದೆ. ಅನಂತರ ಅವನ ಅಣ್ಣ ಚಂದ್ರಾದಿತ್ಯನನ್ನು, ಕೊನೆಗೆ ಚಂದ್ರಾದಿತ್ಯನ ಮಹಿಷಿ ವಿಜಯಭಟ್ಟಾರಿಕೆಯನ್ನು ಹೆಸರಿಸುತ್ತದೆ. ತಮ್ಮ ಮೊದಲು, ಅಣ್ಣ ಆಮೇಲೆ. ಸಿಂಹಾಸನ ತಮ್ಮನಿಗೆ ಸೇರಿತೆಂಬುದನ್ನು ಒಪ್ಪಿಕೊಂಡೇ ಈ ಸಾಲುಗಳು ಹೊರಟಿವೆ. ಆದರೂ ಅಣ್ಣನಿಗೆ ಪೃಥಿವೀವಲ್ಲಭ, ಮಹಾರಾಜ ಎಂಬ ಅರಸರ ಬಿರುದುಗಳನ್ನು ಬಿಟ್ಟುಕೊಟ್ಟಿಲ್ಲ. ಒಂದು ಮನೆತನದೊಳಗಿನ ನಾಜೂಕಾದ ಒಪ್ಪಂದವನ್ನು ಇಲ್ಲಿ ಓದಬಹುದು. ಅಣ್ಣನ ಮಡದಿ ಮೈದುನನ ಹಿರಿಮೆಯನ್ನು ಮನ್ನಿಸಿದ್ದಾಳೆ, ಹಾಗೆಯೇ ಗಂಡನ ಘನತೆಯನ್ನೂ ಕಾಯ್ದುಕೊಂಡಿದ್ದಾಳೆ. ಕೊಚರೆಯ ಪಟದಲ್ಲಿ ಅವಳ ಹೆಸರು ವಿಜಯಮಹಾದೇವಿ ಎಂದಿದೆ.

ನೇರೂರು ಪಟ ಹೊರಟದ್ದು ಸ್ವರಾಜ್ಯದ ಐದನೆಯ ಸಂವತ್ಸರದ ಆಶ್ವಯುಜ ಮಾಸದಲ್ಲಿ, ಹಗಲು ಇರುಳು ಸಮನಾಗುವ ವಿಷುವದಂದು. ಇದನ್ನು ಕ್ರಿ.ಶ. 659ಕ್ಕೆ ಸರಿಹೊಂದಿಸಲಾಗಿದೆ. ಇಲ್ಲಿನ ಸ್ವರಾಜ್ಯವೆಂಬ ಒಂದು ಪದದ ಸುತ್ತ ದೊಡ್ಡ ಚರ್ಚೆಯೇ ನಡೆದಿದೆ. ಅದು ರಾಣಿಯ ಸ್ವಂತ ಆಳ್ವಿಕೆಯೆಂದು ಕೆಲವರು, ಚಂದ್ರಾದಿತ್ಯನದೆಂದು ಕೆಲವರು, ವಿಕ್ರಮಾದಿತ್ಯನದೆಂದು ಮತ್ತೆ ಕೆಲವರು ವಾದಿಸಿದ್ದಾರೆ. ಗಂಡ ತೀರಿಕೊಂಡ ಮೇಲೆ ಎಳೆಯ ಮಗನ ಪರವಾಗಿ ಅವಳು ರಾಜ್ಯವಾಳಿದಳೆಂಬ ಕಥೆ ಮೊದಲ ವಾದದಿಂದಲೇ ಹುಟ್ಟಿಕೊಂಡದ್ದು. ಅಂಥ ಮಗನ ಮಾತು ಶಾಸನದಲ್ಲಿಲ್ಲ. 659ರಿಂದ ಹಿಂದಕ್ಕೆ ಎಣಿಸಿದರೆ ಐದನೆಯ ವರ್ಷ ವಿಕ್ರಮಾದಿತ್ಯನ ಪಟ್ಟಾಭಿಷೇಕದ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಮೂರನೆಯ ವಾದವೇ ಹೆಚ್ಚು ಸಮಂಜಸವೆನಿಸುತ್ತದೆ. ಹಾಗೆಂದು ಅವಳ ಮಹತ್ವವೇನೂ ಕುಗ್ಗುವುದಿಲ್ಲ. ಭೂಮಿಯನ್ನು ದಾನವಾಗಿ ಕೊಡುವ ಅಧಿಕಾರವನ್ನು ಅವಳು ತನ್ನ ಹೆಸರಿನಲ್ಲಿಯೇ ಚಲಾಯಿಸಿದ್ದಾಳೆ. ತಾಮ್ರಪಟದಲ್ಲಿ ದಾನದ ಕರ್ತೃ ಅವಳೇ. ಅವಳನ್ನು ಸ್ವತಂತ್ರ ಅರಸಿಯೆಂದು ಸಾಧಿಸುವ ಆತುರದಲ್ಲಿ ಈ ಸರಳ ಸಂಗತಿಯನ್ನು ಮರೆಯುವುದೇ ಹೆಚ್ಚು.

ಚಾಲುಕ್ಯ ಮನೆತನದಲ್ಲಿ ಹೆಣ್ಣಿನ ಹೆಸರು ಕಲ್ಲು ತಾಮ್ರಗಳ ಮೇಲೆ ಬರುವುದು ವಿಜಯಭಟ್ಟಾರಿಕೆಯಿಂದ ಆರಂಭವಾದದ್ದೂ ಅಲ್ಲ, ಅವಳೊಂದಿಗೆ ಮುಗಿದದ್ದೂ ಅಲ್ಲ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ದಾನವನ್ನು ಮಂಗಳೇಶನ ಮಹಾಕೂಟ ಸ್ತಂಭಶಾಸನ ದಾಖಲಿಸಿದೆ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ಎರಡು ಹಿರಿಯ ದೇಗುಲಗಳನ್ನು ಕಟ್ಟಿಸಿದವರು ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ ಎಂಬ ಅಕ್ಕತಂಗಿಯರು. ಅವರು ದಾನ ಮಾಡಿದ್ದು ಗೆದ್ದ ರಾಜ್ಯದ ಸಂಭ್ರಮದಲ್ಲಿ. ವಿಜಯಭಟ್ಟಾರಿಕೆಯದು ಸೋತು ಚದುರಿ ಮತ್ತೆ ಕೂಡುತ್ತಿದ್ದ ಮನೆತನದ ದಾನ. ಮೂವರು ಅರಸರ ಕಾಲದಲ್ಲಿ ದೇವರಿಗೂ ಬ್ರಾಹ್ಮಣರಿಗೂ ತಪ್ಪಿಹೋಗಿದ್ದ ದತ್ತಿಗಳನ್ನು ತಾನು ಮರಳಿ ನಡೆಸಿಕೊಟ್ಟೆನೆಂದು ವಿಕ್ರಮಾದಿತ್ಯ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಅತ್ತಿಗೆಯ ಭೂದಾನಗಳನ್ನೂ ಇದೇ ಪುನರ್ಸ್ಥಾಪನೆಯ ಭಾಗವಾಗಿ ಕಾಣಬೇಕು. ಭೂಮಿಯನ್ನು ದಾನ ಕೊಡುವುದೆಂದರೆ ಆ ಭೂಮಿ ಮತ್ತೆ ತಮ್ಮದಾಗಿದೆಯೆಂದು ಸಾರುವುದೂ ಹೌದು.

ಇನ್ನು ಕವಯಿತ್ರಿಯ ವಿಚಾರ. ವಿದ್ಯಾಕರನ 'ಸುಭಾಷಿತರತ್ನಕೋಶ', ಶ್ರೀಧರದಾಸನ 'ಸದುಕ್ತಿಕರ್ಣಾಮೃತ', ಜಲ್ಹಣನ 'ಸೂಕ್ತಿಮುಕ್ತಾವಳಿ', 'ಶಾರ್ಙ್ಗಧರಪದ್ಧತಿ', ವಲ್ಲಭದೇವನ 'ಸುಭಾಷಿತಾವಳಿ' ಮೊದಲಾದ ಸಂಕಲನಗಳಲ್ಲಿ ವಿದ್ಯಾ, ವಿಜ್ಜಕಾ, ವಿಜ್ಜಿಕಾ ಎಂಬ ಅಂಕಿತಗಳಡಿ ಬಿಡಿಪದ್ಯಗಳು ಚದುರಿವೆ. ವಿಜ್ಜಿಕೆಯೆಂಬುದು ವಿದ್ಯೆಯ ಪ್ರಾಕೃತ ರೂಪವಾಗಿರಬಹುದು, ವಿಜಯೆಯ ಮುದ್ದಿನ ರೂಪವೂ ಆಗಿರಬಹುದು. ಅವಳನ್ನು ಕರ್ನಾಟಕಕ್ಕೆ ಸೇರಿಸುವ ಆಧಾರಗಳು ಎರಡು. ರಾಜಶೇಖರನದೆಂದು ಉಲ್ಲೇಖಗೊಂಡಿರುವ ಪದ್ಯವೊಂದು ವಿಜಯಾಂಕೆಯೆಂಬ ಕರ್ಣಾಟಿಯನ್ನು ಸರಸ್ವತಿಗೆ ಹೋಲಿಸಿ, ವೈದರ್ಭೀ ರೀತಿಯಲ್ಲಿ ಕಾಳಿದಾಸನ ತರುವಾಯದ ಸ್ಥಾನವನ್ನು ಅವಳಿಗೆ ಕೊಡುತ್ತದೆ. ಇನ್ನೊಂದು ಪದ್ಯ ಅವಳದೇ ಎಂದು ಹೇಳಲಾಗುವಂಥದು. ಅದರಲ್ಲಿ ಬ್ರಹ್ಮ, ವ್ಯಾಸ, ವಾಲ್ಮೀಕಿಯರಿಗೆ ಮಾತ್ರ ತಲೆಬಾಗಿದ ಕವಯಿತ್ರಿಯೊಬ್ಬಳು ತನ್ನನ್ನು ಕರ್ಣಾಟರಾಜನ ಪ್ರಿಯೆಯೆಂದು ಕರೆದುಕೊಳ್ಳುತ್ತಾಳೆ, ಹೊಸಬರಾದ ಗದ್ಯಪದ್ಯಕಾರರ ತಲೆಯ ಮೇಲೆ ತನ್ನ ಎಡಗಾಲನ್ನಿಡುವುದಾಗಿ ಸವಾಲು ಹಾಕುತ್ತಾಳೆ. ಕಾಳಿದಾಸನನ್ನು ಅಳತೆಗೋಲಾಗಿ ಹಿಡಿಯುವ ಅಭ್ಯಾಸ ಈ ನಾಡಿನಲ್ಲಿ ಹಳೆಯದೇ. ಐಹೊಳೆಯ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಯರ ಕೀರ್ತಿಗೆ ಸಮನೆಂದು ಕಲ್ಲಿನಲ್ಲೇ ಕೊರೆಸಿದ್ದನು.

ಅವಳ ಹೆಸರಿನ ಪದ್ಯಗಳಲ್ಲಿ ಅರಮನೆ ಹೆಚ್ಚು ಕಾಣುವುದಿಲ್ಲ. ನೆರೆಮನೆಯವಳಿಗೆ ಮನೆ ನೋಡಿಕೊಳ್ಳಲು ಹೇಳಿ, ನೀರಿನ ನೆಪದಲ್ಲಿ ತಮಾಲವೃಕ್ಷಗಳ ದಟ್ಟಣೆಗೆ ಹೊರಟ ಗೃಹಿಣಿ ಅಲ್ಲಿದ್ದಾಳೆ. ಮೈಮೇಲೆ ಕಾಣಲಿರುವ ಗೀರುಗಳಿಗೆ ಲಾಳದ ಕಡ್ಡಿಗಳನ್ನು ಅವಳು ಮೊದಲೇ ಹೊಣೆಯಾಗಿಸಿಬಿಡುತ್ತಾಳೆ. ನಲ್ಲನೊಡನೆ ಕಳೆದ ಹೊತ್ತನ್ನು ಸಖಿಯರೆಲ್ಲ ಬಣ್ಣಿಸುವಾಗ ತನಗೆ ಏನೊಂದೂ ನೆನಪಿಲ್ಲವೆನ್ನುವ ಇನ್ನೊಬ್ಬಳಿದ್ದಾಳೆ. ಎಲ್ಲಕ್ಕಿಂತ ಕುತೂಹಲಕಾರಿಯಾದದ್ದು ಕಲಮಧಾನ್ಯವನ್ನು ಕುಟ್ಟುವ ಹೆಂಗಸರ ಚಿತ್ರ. ಒನಕೆಯ ಏರಿಳಿತ, ಬಳೆಗಳ ಸದ್ದು, ಏದುಸಿರಿನ ನಡುವೆ ತುಂಡುತುಂಡಾಗಿ ಹೊರಡುವ ಹಾಡು ಅದರ ವಸ್ತು. ಕುಟ್ಟುವ ಬೀಸುವ ಹಾಡುಗಳನ್ನು ಇಂದಿಗೂ ಬಲ್ಲ ಹುನಗುಂದ ಇಳಕಲ್ಲ ಸೀಮೆಯ ಓದುಗರಿಗೆ ಇದು ತಮ್ಮದೇ ಅಂಗಳವೆನಿಸಿದರೆ ಸಹಜ. ಆದರೆ ಕಲಮವೆಂಬುದು ಭತ್ತ. ಬಾಗಲಕೋಟೆಯ ಸುತ್ತಲಿನ ಎರೆನೆಲ ಜೋಳದ ನಾಡು, ಭತ್ತದ ಗದ್ದೆಗಳು ಹೆಚ್ಚಾಗಿರುವುದು ನೇರೂರು ಕೊಚರೆಗಳ ಕೊಂಕಣದಲ್ಲಿ. ಇದನ್ನು ಪುರಾವೆಯೆನ್ನಲಾಗದು, ಏಕೆಂದರೆ ಕಲಮವು ಸಂಸ್ಕೃತ ಕವಿಗಳಿಗೆಲ್ಲ ಪರಿಚಿತವಾದ ಕವಿಸಮಯ. ಪಂಡಿತರ ಸಂಸ್ಕೃತಕ್ಕೆ ದುಡಿಯುವ ಹೆಂಗಸರ ಹಾಡನ್ನು ಒಬ್ಬ ಕವಯಿತ್ರಿ ತಂದಳೆಂಬುದಷ್ಟೇ ಖಚಿತವಾಗಿ ನಿಲ್ಲುವ ಮಾತು.

ರಾಣಿಯೂ ಕವಯಿತ್ರಿಯೂ ಒಬ್ಬಳೇ ಎನ್ನುವುದಕ್ಕೆ ಇರುವ ದೊಡ್ಡ ತೊಡಕು ದಂಡಿ. 'ಕಾವ್ಯಾದರ್ಶ'ದ ಆರಂಭದಲ್ಲಿ ದಂಡಿ ಸರಸ್ವತಿಯನ್ನು ಸರ್ವಶುಕ್ಲೆಯೆಂದು ಸ್ತುತಿಸಿದ್ದಾನೆ. ಕನ್ನೈದಿಲೆಯ ಎಸಳಿನಂತೆ ಶ್ಯಾಮಲೆಯಾದ ತನ್ನನ್ನು ಅರಿಯದೆ ಅವನು ಹಾಗೆ ಹೇಳಿದ್ದು ವ್ಯರ್ಥವೆಂದು ವಿಜ್ಜಿಕೆ ಛೇಡಿಸಿದ ಪದ್ಯ ಪ್ರಸಿದ್ಧವಾಗಿದೆ. ದಂಡಿಯ ಕಾಲವನ್ನು ಈಗ ಸಾಮಾನ್ಯವಾಗಿ ಏಳನೆಯ ಶತಮಾನದ ಕೊನೆ ಮತ್ತು ಎಂಟರ ಆರಂಭಕ್ಕೆ ಇಡುತ್ತಾರೆ. 642ರ ಹೊತ್ತಿಗೆ ಚಂದ್ರಾದಿತ್ಯನ ಮಡದಿಯಾಗಿದ್ದವಳು ಈ ಗ್ರಂಥವನ್ನು ಓದಿ ಹಾಸ್ಯ ಮಾಡಬೇಕಾದರೆ ತುಂಬ ಮುದಿಯಳಾಗಿರಬೇಕಾಗುತ್ತದೆ. ತನ್ನ ಮೈಬಣ್ಣವನ್ನು ಅಷ್ಟು ಹೆಮ್ಮೆಯಿಂದ ಮುಂದಿಡುವ ಪದ್ಯದ ದನಿ ಮುಪ್ಪಿನದಲ್ಲ. ಮದುವೆ 642ರ ಎಷ್ಟೋ ವರ್ಷಗಳ ಬಳಿಕ ನಡೆದಿತ್ತೆಂದು ಭಾವಿಸಿದರೆ ತೊಡಕು ಸ್ವಲ್ಪ ಸಡಿಲವಾಗುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಹೀಗಾಗಿ ಒಂದೋ ದಂಡಿಯ ಪದ್ಯ ಬೇರೆ ವಿಜ್ಜಿಕೆಯದು, ಇಲ್ಲವೇ ರಾಣಿಯೇ ಬೇರೆ. ಹೆಸರಿನ ಹೋಲಿಕೆ ಮತ್ತು ಕರ್ಣಾಟವೆಂಬ ಗುರುತು ಇವೆರಡರ ಮೇಲೆ ಮಾತ್ರ ಕಟ್ಟಿದ ಏಕತ್ವವನ್ನು ಸಾಧ್ಯತೆಯೆಂದು ಕರೆಯಬಹುದು, ಸಿದ್ಧಾಂತವೆನ್ನಲಾಗದು.

ಆದರೂ ಈ ಹಾಸ್ಯದ ಪದ್ಯದಲ್ಲಿ ಯುದ್ಧದ ನೆರಳು ಬೇರೊಂದು ಬಗೆಯಿಂದ ಬಿದ್ದಿದೆ. ದಂಡಿ ಕಂಚಿಯವನು, ವಾತಾಪಿಯನ್ನು ಗೆದ್ದವರ ನಗರದವನು. ವಿಕ್ರಮಾದಿತ್ಯನೂ ಸುಮ್ಮನಿರಲಿಲ್ಲ. 674ರ ಗದ್ವಾಲ್ ತಾಮ್ರಪಟದ ಹೊತ್ತಿಗೆ ಅವನು ಕಂಚಿಯನ್ನು ಗೆದ್ದು ಕಾವೇರಿಯ ದಕ್ಷಿಣ ದಂಡೆಯ ಉರಗಪುರದಲ್ಲಿ ಬೀಡುಬಿಟ್ಟಿದ್ದನು. ಶತ್ರುಸೇನೆಯ ದೆಸೆಯಿಂದ ಕಂಚಿ ಕಂಗೆಟ್ಟಾಗ ಎಳೆಯ ದಂಡಿ ಊರು ಬಿಟ್ಟು ಬಹುಕಾಲ ಅಲೆದನೆಂದು 'ಅವಂತಿಸುಂದರೀಕಥೆ'ಯ ಪೀಠಿಕೆ ತಿಳಿಸುತ್ತದೆ. ಚಾಲುಕ್ಯ ಪಲ್ಲವರ ಹಗೆತನ ಎರಡೂ ಕಡೆಯ ಎಳೆಯರನ್ನು ಮನೆಯಿಂದ ಹೊರಗಟ್ಟಿತು. ಅದೇ ದಂಡಿಯ ಲಕ್ಷಣಗ್ರಂಥ ಮುಂದೆ ಒಂಬತ್ತನೆಯ ಶತಮಾನದಲ್ಲಿ ಕನ್ನಡದ 'ಕವಿರಾಜಮಾರ್ಗ'ಕ್ಕೆ ಆಕರವಾಯಿತು. ಸೈನ್ಯಗಳು ಕಾದಿದ ದಾರಿಯಲ್ಲಿಯೇ ಕಾವ್ಯಮೀಮಾಂಸೆಯೂ ನಡೆದುಬಂದಿತು.

'ಕೌಮುದೀಮಹೋತ್ಸವ'ದ ಕಥೆ ಇನ್ನೂ ಜಟಿಲವಾದುದು. ಕೇರಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ ಮಾನವಲ್ಲಿ ರಾಮಕೃಷ್ಣಕವಿ ಮತ್ತು ಎಸ್. ಕೆ. ರಾಮನಾಥಶಾಸ್ತ್ರಿಗಳು ಇದನ್ನು 1929ರಲ್ಲಿ ಪ್ರಕಟಿಸಿದರು. ಪ್ರಸ್ತಾವನೆಯಲ್ಲಿ ಕರ್ತೃವಿನ ಹೆಸರಿರಬೇಕಾದ ಜಾಗ ಹಾಳಾಗಿದೆ. ಉಳಿದ ಕೊನೆಯ ಅಕ್ಷರಗಳಿಂದ ಬರೆದವಳು ಹೆಣ್ಣೆಂಬುದು ತಿಳಿಯುತ್ತದೆ. ಆ ಖಾಲಿ ಜಾಗವನ್ನು ವಿಜ್ಜಿಕೆಯ ಹೆಸರಿನಿಂದ ತುಂಬಲಾಯಿತು, ಬೇರೆ ಹೆಸರನ್ನು ಓದಿದವರೂ ಇದ್ದಾರೆ.

ನಾಟಕದ ವಸ್ತು ಹೀಗಿದೆ. ಮಗಧದ ಅರಸ ಸುಂದರವರ್ಮ ಮಕ್ಕಳಿಲ್ಲದೆ ಚಂಡಸೇನನನ್ನು ದತ್ತು ಪಡೆಯುತ್ತಾನೆ. ಆಮೇಲೆ ಅವನಿಗೆ ಕಲ್ಯಾಣವರ್ಮನೆಂಬ ಮಗ ಹುಟ್ಟುತ್ತಾನೆ. ಅಧಿಕಾರ ಕೈತಪ್ಪುವುದೆಂದರಿತ ಚಂಡಸೇನ ಲಿಚ್ಛವಿಗಳ ನೆಂಟಸ್ತಿಕೆ ಬೆಳೆಸಿ ಕುಸುಮಪುರವನ್ನು ಮುತ್ತುತ್ತಾನೆ, ಮುದಿ ಅರಸ ರಣದಲ್ಲಿ ಬೀಳುತ್ತಾನೆ. ನಂಬಿಕೆಯ ಪರಿಜನರು ಕೂಸನ್ನು ಎತ್ತಿಕೊಂಡು ದೂರದ ಪಂಪಾ ಪ್ರದೇಶಕ್ಕೆ ಓಡಿಬರುತ್ತಾರೆ. ಅಲ್ಲಿ ತಾರುಣ್ಯಕ್ಕೆ ಬಂದ ರಾಜಕುಮಾರನೂ ಚಂಡಿಕೆಯ ಗುಡಿಗೆ ಬಂದ ಶೂರಸೇನದ ರಾಜಪುತ್ರಿ ಕೀರ್ತಿಮತಿಯೂ ಪರಸ್ಪರ ಒಲಿಯುತ್ತಾರೆ. ಒಲವು ಕೂಡಿ ಬರುವ ಮೊದಲೇ ರಾಜಕಾರಣ ಅವರನ್ನು ಅಗಲಿಸುತ್ತದೆ. ಮಂತ್ರಿ ಮಂತ್ರಗುಪ್ತ ಗಡಿಯ ಶಬರ ಪುಳಿಂದರನ್ನು ಎಬ್ಬಿಸಿ ಚಂಡಸೇನನನ್ನು ಊರಿನಿಂದ ಹೊರಗೆಳೆಯುತ್ತಾನೆ, ಕುಮಾರನನ್ನು ಪಾಟಲಿಪುತ್ರಕ್ಕೆ ಕರೆಸಿ ಪಟ್ಟ ಕಟ್ಟುತ್ತಾನೆ. ಶರತ್ಕಾಲದ ಬೆಳದಿಂಗಳ ಹಬ್ಬದಲ್ಲಿ ಅಗಲಿದವರು ಸೇರುತ್ತಾರೆ.

ಈ ನಾಟಕ ಪ್ರಕಟವಾದೊಡನೆ ಕಾಶೀಪ್ರಸಾದ ಜಾಯಸ್ವಾಲರು ಇದನ್ನು ಗುಪ್ತವಂಶದ ಉದಯದ ಸಮಕಾಲೀನ ದಾಖಲೆಯೆಂದು ಓದಿ, ಚಂಡಸೇನನೇ ಒಂದನೆಯ ಚಂದ್ರಗುಪ್ತನೆಂದು ಸಾರಿದರು. ನಾಟಕ ಬಹಳ ಈಚಿನದೆಂದು ಇತರರು ಅದನ್ನು ತಳ್ಳಿಹಾಕಿದರು. ಮಗಧದ ಇತಿಹಾಸಕಾರರಿಗೆ ಇದು ಗುಪ್ತರ ಕಥೆಯಾಯಿತು. ಕನ್ನಡದ ಅಭಿಮಾನಿಗಳಿಗೆ ಇದು ಬಾದಾಮಿಯ ಕಥೆಯಾಗಿ ತೋರುವುದು ಸುಲಭ. ಮುತ್ತಿಗೆಗೆ ಒಳಗಾದ ರಾಜಧಾನಿ, ರಣದಲ್ಲಿ ಮಡಿದ ತಂದೆ, ಚದುರಿದ ಕುಮಾರ, ತುಂಗಭದ್ರೆಯ ತೀರವನ್ನು ನೆನಪಿಸುವ ಪಂಪೆ, ಮರಳಿ ಬಂದ ಸಿಂಹಾಸನ, ಇವೆಲ್ಲ 642ರಿಂದ 655ರವರೆಗಿನ ಚಾಲುಕ್ಯರ ಕಥೆಯ ಮಗ್ಗುಲಿಗೇ ಬಂದು ನಿಲ್ಲುತ್ತವೆ. ನೇರೂರಿನ ದಾನವೂ ಶರತ್ಕಾಲದ ಆಶ್ವಯುಜದಲ್ಲಿಯೇ ನಡೆದಿದೆ. ಈ ಹೋಲಿಕೆಗಳು ಎಷ್ಟು ಸೊಗಸಾಗಿ ಕೂಡಿಬರುತ್ತವೆಯೋ ಅಷ್ಟೇ ಎಚ್ಚರಿಕೆಯನ್ನು ಬೇಡುತ್ತವೆ. ಕಳೆದುಕೊಂಡ ರಾಜ್ಯ ಮತ್ತು ಮರಳಿ ದೊರೆತ ಪ್ರೇಯಸಿ ಸಂಸ್ಕೃತ ನಾಟಕದ ಸಾಮಾನ್ಯ ಹಂದರ. ಕರ್ತೃವಿನ ಹೆಸರೇ ಹರಿದುಹೋದ ಓಲೆಯಿಂದ ಒಬ್ಬ ರಾಣಿಯ ಅಂತರಂಗವನ್ನು ಓದಲು ಹೊರಟರೆ, ಅವಳ ಹೆಸರು ಅಳಿಯದೆ ನಿಂತ ತಾಮ್ರಪಟಗಳು ಹಿನ್ನೆಲೆಗೆ ಸರಿಯುತ್ತವೆ.

ಕರ್ತೃ ಯಾರೇ ಆಗಿರಲಿ, ನಾಟಕದಲ್ಲಿ ಒಂದು ಅಂಶ ಹೆಣ್ಣಿನ ಕೈಯನ್ನು ತೋರುತ್ತದೆ. ರಾಜ್ಯವನ್ನು ಮರಳಿ ತರುವವನು ಮಂತ್ರಿ, ಆದರೆ ಅಗಲಿದವರನ್ನು ಕೂಡಿಸುವವಳು ಯೋಗಸಿದ್ಧಿಯೆಂಬ ಪರಿವ್ರಾಜಿಕೆ. ಅವಳು ಹಿಂದೆ ರಾಜಕುಮಾರನನ್ನು ಸಾಕಿದವಳು. ಯುದ್ಧ ಅವಳ ಮನೆಯನ್ನೂ ಮಡಿಲನ್ನೂ ಬರಿದು ಮಾಡಿದ ಮೇಲೆ ಸನ್ಯಾಸಿನಿಯಾಗಿ ಊರೂರು ಅಲೆದು ಮಧುರೆಗೆ ಹೋಗಿ ಕೀರ್ತಿಮತಿಯ ಬಳಿ ನೆಲೆಸಿರುತ್ತಾಳೆ. ತಾನು ಎತ್ತಿ ಆಡಿಸಿದ ಕೂಸೇ ಈ ಹುಡುಗಿ ಒಲಿದವನೆಂದು ಅರಿತಾಗ ಅವಳಿಗಾಗುವ ಸಂತೋಷದಲ್ಲಿ ಪ್ರೇಮಿಗಳ ಪಾಲಿಗಿಂತ ದೊಡ್ಡ ಪಾಲಿದೆ. ಯುದ್ಧದಿಂದ ಅಗಲಿದವರೆಂದರೆ ಪ್ರೇಮಿಗಳಷ್ಟೇ ಅಲ್ಲವೆಂಬುದನ್ನು ಈ ಪಾತ್ರ ತೋರಿಸಿಕೊಡುತ್ತದೆ.

ವಿಜಯಭಟ್ಟಾರಿಕೆಯ ಬಾಳಿನಲ್ಲಿ ಅಂಥ ಪುನರ್ಮಿಲನದ ಹಬ್ಬ ದಾಖಲಾಗಿಲ್ಲ. ಕೊಂಕಣದ ಎರಡು ಪಟಗಳ ಬಳಿಕ ಅವಳ ಹೆಸರು ಚಾಲುಕ್ಯ ಶಾಸನಗಳಿಂದ ಮರೆಯಾಗುತ್ತದೆ. ಮೈದುನ ವಿಕ್ರಮಾದಿತ್ಯ ಸುಮಾರು 681ರವರೆಗೆ ಆಳಿದನು, ಪಟ್ಟ ಅವನ ಮಗ ವಿನಯಾದಿತ್ಯನಿಗೆ, ಮೊಮ್ಮಗ ವಿಜಯಾದಿತ್ಯನಿಗೆ ಸಂದಿತು. ಚಂದ್ರಾದಿತ್ಯನ ಶಾಖೆಗೆ ಅದು ಮರಳಲಿಲ್ಲ. 699ರಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಬಾದಾಮಿಯಲ್ಲಿ ಬ್ರಹ್ಮ ವಿಷ್ಣು ಮಹೇಶ್ವರರನ್ನು ಪ್ರತಿಷ್ಠಾಪಿಸಿದಳು. ಆ ಶಾಸನ ಇಂದಿಗೂ ಊರಿನ ಜಂಬುಲಿಂಗ ಗುಡಿಯಲ್ಲಿದೆ.